ಎಕ್ಸ್‌ಟ್ರಾಕ್ಟರ್ ಬದಲಿಸಿದೆ, ಕೆಲಸ ಮಾಡಿದ್ದು ಬ್ರಷ್ಷು

ನನ್ನದು ಹಳೇ .22 ಬೋಲ್ಟ್ ಆಕ್ಷನ್ ರೈಫಲ್, ಸಿಂಗಲ್ ಶಾಟ್, ಅಂದರೆ ಒಂದು ಸಲಕ್ಕೆ ಒಂದೇ ಗುಂಡು. ಪುಣೆಯ ಬಾಳೇವಾಡಿ ರೇಂಜಿನಲ್ಲಿ ರಜೆ ದಿನ 50 ಮೀಟರ್ ಹೊಡೆಯುತ್ತೇನೆ. ಶೂಟರ್ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದೂ 50 ಮೀಟರ್‌ನಲ್ಲೇ. ದೂರ ಮಾತ್ರ ಒಂದೇ, ಮಿಕ್ಕಿದ್ದು ಕೇಳಬೇಡಿ.

ಮಳೆಗಾಲದಲ್ಲಿ ಒಂದು ಕಾಟ ಶುರುವಾಯಿತು. ಹೊಡೆದು ಬೋಲ್ಟ್ (ಹಿಂದೆ ಮುಂದೆ ಸರಿಯುವ ಉಕ್ಕಿನ ದಿಂಡು) ಎಳೆದರೆ ಖಾಲಿ ತೋಟಾ ಬರದೆ ಚೇಂಬರಿನಲ್ಲೇ, ಅಂದರೆ ತೋಟಾ ಕೂರುವ ಜಾಗದಲ್ಲೇ, ಕೂತಿರುತ್ತಿತ್ತು, ಹತ್ತಕ್ಕೆ ಎರಡು ಸಲ. ಮಲಗಿಕೊಂಡು ಉಸಿರು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಕೈ ಎತ್ತಬೇಕು, ಫೈರಿಂಗ್ ನಿಲ್ಲಿಸಬೇಕು, ಮುಂದಿನಿಂದ ರಾಡ್ ಹಾಕಿ ತಳ್ಳಬೇಕು. ಪಕ್ಕದ ಲೇನಿನವರ ಮುಖ ನೋಡೋಕೆ ನಾಚಿಕೆ.

ಎಕ್ಸ್‌ಟ್ರಾಕ್ಟರ್ ಅಂದರೆ ಬೋಲ್ಟಿನ ತುದಿಯಲ್ಲಿರುವ ಪುಟ್ಟ ಕೊಕ್ಕೆ, ತೋಟಾದ ಅಂಚು ಹಿಡಿದು ಎಳೆಯೋದು ಅದರ ಕೆಲಸ. ಕಂಪನಿ ಕೊಕ್ಕೆ ಸವೆದಿದೆ ಅಂತ ನಾನೇ ತೀರ್ಮಾನಿಸಿ, ಬೇರೆಯವರು ಮಾಡುವ 'ಚೂಪು' ಕೊಕ್ಕೆ ತರಿಸಿದೆ. ಲೈಸೆನ್ಸ್ ಇರುವ ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಹತ್ತಿರ ಕೂಡಿಸಿದ್ದೂ ಸೇರಿ 4,200 ರೂಪಾಯಿ. ಅಮೆರಿಕದ ರೆಮಿಂಗ್ಟನ್ 700 ರೈಫಲ್‌ನಂಥದ್ದಕ್ಕೆ ಸಾಕೋ ಅನ್ನೋ ಕಂಪನಿ ಮಾದರಿಯ ಕೊಕ್ಕೆ ಹಾಕಬೇಕಾದರೆ ಬೋಲ್ಟಿನ ಮುಖವನ್ನೇ ಕೊರೆಯಬೇಕು, ಜನ ಹತ್ತು ಸಲ ಯೋಚಿಸುತ್ತಾರೆ. ನನ್ನದರಲ್ಲಿ ಕೊರೆಯೋ ಕೆಲಸವೇ ಇಲ್ಲ, ಅದಕ್ಕೇ ಇಷ್ಟು ಅವಸರ.

ಮೊದಲ ದಿನ ಬೆಣ್ಣೆಯ ಹಾಗೆ ಬಂತು. ಸುಮಾರು 200 ರೌಂಡ್ ಆದ ಮೇಲೆ ಮತ್ತೆ ಅದೇ ಕಥೆ. ಸಾಲದ್ದಕ್ಕೆ ಹೊಸ ಕೊಕ್ಕೆ ಸ್ವಲ್ಪ ಉದ್ದ, ಬೋಲ್ಟ್ ಮುಚ್ಚುವಾಗ ಬ್ಯಾರೆಲ್ಲಿನ ಸೀಳಿಗೆ ತಾಗಿ ಅಲ್ಲೊಂದು ಹೊಳೆಯುವ ಗೀರು.

ಕ್ಲಬ್ಬಿನಲ್ಲಿ ಧಾರವಾಡದ ಹಿರಿಯರೊಬ್ಬರಿದ್ದಾರೆ. ರೈಫಲ್ ನೋಡಲೇ ಇಲ್ಲ, ತಳ್ಳಿ ತೆಗೆದ ಖಾಲಿ ತೋಟಾ ಕೇಳಿದರು. ಅಂಗೈಮೇಲೆ ತಿರುಗಿಸಿ, "ತಮ್ಮಾ, ಅಂಚಿನ ಮ್ಯಾಲ ಕೊಕ್ಕಿ ಗುರುತ ಇಲ್ಲ ನೋಡು. ಹಿಡದ ಜಾರಿದ್ರ ಅಂಚು ಹರೀತಿತ್ತು. ಇದು ಹಿಡದೇ ಇಲ್ಲ. ಮೊದ್ಲ ತೊಳಿ," ಅಂದರು.

ಮನೆಗೆ ಬಂದು ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಕೊಕ್ಕೆ ಬಿಚ್ಚಿದೆ, ಇಲ್ಲದಿದ್ದರೆ ಆ ಸ್ಪ್ರಿಂಗ್ ಹಾರಿ ಫ್ರಿಜ್ಜಿನ ಕೆಳಗೆ ಹೋಗುತ್ತದೆ. .22 ಗುಂಡಿಗೆ ಮೇಣ ಸವರಿರುತ್ತಾರಲ್ವಾ, ಅದು ಮಸಿ ಜೊತೆ ಸೇರಿ ಬೋಲ್ಟಿನಲ್ಲಿ ಕೊಕ್ಕೆ ಕೂರುವ ಸೀಳಿನಲ್ಲಿ ಕಪ್ಪು ಅಂಟಾಗಿ ಗಟ್ಟಿಯಾಗಿತ್ತು. ನಡುವೆ ಹಿತ್ತಾಳೆಯ ಚೂರುಗಳು ಮಿಣಮಿಣ. ಕೊಕ್ಕೆ ಅಲುಗಾಡೋಕೇ ಜಾಗವಿಲ್ಲ, ಇನ್ನು ಅಂಚು ಹಿಡಿಯೋದೆಲ್ಲಿ? ಹಲ್ಲು ಚುಚ್ಚುವ ಕಡ್ಡಿ, ಹಳೇ ಟೂತ್‌ಬ್ರಷ್, ಒಂದು ಗಂಟೆ. ಚೇಂಬರನ್ನೂ ಬ್ರಷ್ ಹಾಕಿ ತಿಕ್ಕಿದೆ. ಆಗ ಹೊಳೆಯಿತು: ಮೊದಲ ದಿನ ಚೆನ್ನಾಗಿ ಬಂದದ್ದು ಹೊಸ ಕೊಕ್ಕೆಯಿಂದಲ್ಲ, ಕೂಡಿಸುವಾಗ ಗನ್‌ಸ್ಮಿತ್ ಆ ಸೀಳು ತೊಳೆದಿದ್ದರು!

ಕಂಪನಿ ಕೊಕ್ಕೆಯನ್ನೇ ವಾಪಸ್ ಹಾಕಿಸಿದೆ, ಸ್ಪ್ರಿಂಗ್ ಮಾತ್ರ ಹೊಸದು, 350 ರೂಪಾಯಿ. ಆಮೇಲೆ 600 ರೌಂಡ್ ಹೊಡೆದಿದ್ದೇನೆ, ಒಂದೂ ಸಿಕ್ಕಿಕೊಂಡಿಲ್ಲ.

ಕೊಕ್ಕೆಯ ತುದಿ ನಿಜವಾಗಿ ಮುರಿದಿದ್ದರೆ ಬದಲಿಸಿ, ಅದೂ ಕಂಪನಿಯದ್ದನ್ನೇ. ಖಾಲಿ ಚೇಂಬರಿಗೆ ಟ್ರಿಗರ್ ಒತ್ತಿ ಒತ್ತಿ ಗುಂಡು ಸಿಡಿಸುವ ಪಿನ್ ಬಡಿದು ಚೇಂಬರಿನ ಬಾಯಿ ನೆಗ್ಗಿದ್ದರೆ ಯಾವ ಕೊಕ್ಕೆ ಹಾಕಿದರೂ ಪ್ರಯೋಜನವಿಲ್ಲ, ಗನ್‌ಸ್ಮಿತ್‌ಗೆ ತೋರಿಸಿ. ನಾನು ತರಿಸಿದ್ದಕ್ಕೆ ಐದಕ್ಕೆ ಎರಡು ಸ್ಟಾರ್, ಉಕ್ಕು ಒಳ್ಳೆಯದು ಅನ್ನೋದಕ್ಕೆ. ಗೂಡಿನಲ್ಲಿ ಕೊಬ್ಬರಿ ಎಣ್ಣೆ ಡಬ್ಬಿ ಪಕ್ಕ ಸುಮ್ನೆ ಬಿದ್ದಿದೆ, ಹೆಂಡತಿ ಎರಡು ಸಲ ಬೆಲೆ ಕೇಳಿದ್ದಾಳೆ.