ವಿಜಯಪುರದ ಗ್ಯಾರೇಜು, ನನ್ನ ಪಿಕಪ್ಪು

ಇಂಡಿಯಿಂದ ನಿಂಬೆಹಣ್ಣಿನ ಚೀಲ ಹೇರಿಕೊಂಡು ವಿಜಯಪುರ ಮುಟ್ಟುವಷ್ಟರಲ್ಲಿ ನನ್ನ ಪಿಕಪ್ಪಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಏರುತ್ತಿತ್ತು. ಮೊದಲು ನೋಡಿದವರು ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂದು ಎದೆ ನಡುಗಿಸಿದ್ದರು.

ಸೋಲಾಪುರ ರಸ್ತೆಯ ಈ ಸಣ್ಣ ಗ್ಯಾರೇಜಿನ ಕಾಕಾ ಎಂಜಿನ್ ತಣ್ಣಗಾಗುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ, ಚಹಾ ತರಿಸಿದರು. ಆಮೇಲೆ ಒಳಬದಿಯಿಂದ ಗಾಳಿ ಹೊಡೆದರೆ ಜೋಳದ ರವುದಿ, ಎರೆಮಣ್ಣಿನ ಧೂಳು ಹೊಗೆಯಂತೆ ಎದ್ದಿತು. ಸವೆದ ಫ್ಯಾನ್ ಬೆಲ್ಟ್ ಬದಲಿಸಿ, ರೇಡಿಯೇಟರಿನಲ್ಲಿದ್ದ ಬರಿಯ ನೀರು ಚೆಲ್ಲಿ ಕೂಲೆಂಟ್ ತುಂಬಿದರು. ಡೀಸೆಲ್ ಫಿಲ್ಟರಿನ ತಳದ ನೀರನ್ನೂ ಇಳಿಸಿದರು. ಅದಕ್ಕೆ ದುಡ್ಡು ಹಿಡಿಯಲಿಲ್ಲ. ಹಿಂದಿನ ಪಾಟಾ, ಅಂದರೆ ಹೇರು ಹೊರುವ ಸ್ಪ್ರಿಂಗ್ ಪಟ್ಟಿ, ಸೀಳಿದ್ದನ್ನು ತೋರಿಸಿ, ‘ಹೇರು ಕಡಿಮೆ ಮಾಡಪ್ಪ’ ಎಂದು ಗದರಿದರು.

ತಕರಾರು ಒಂದೇ: ಹೇಳಿದ್ದಕ್ಕಿಂತ ಎರಡು ಗಂಟೆ ತಡ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಬೀಗ ಹಾಕಿರುತ್ತದೆ.