ಮಾಳಗಿ ಮ್ಯಾಲ ಎಕ್ಸ್‌ಪಿಎಸ್ ಹಾಕ್ಸಿ ಐದು ಬ್ಯಾಸಗಿ ಆದ್ವು, ನಮ್ಮ ಕಲಬುರಗಿ ಮನಿ ಕಥಿ

ಎಕ್ಸ್‌ಪಿಎಸ್ ಅಂದ್ರ ಕಾವು ತಡ್ಯೋ ಗಟ್ಟಿ ಫೋಮಿನ ಶೀಟು. ಹಾಕ್ಸಿದ್ದು 2021ರ ಫೆಬ್ರವರಿಯಾಗ, 2025ರ ಬ್ಯಾಸಗಿನೂ ಅದರ ಕೆಳಗೇ ಕಳದೀವಿ. ಹಾಕ್ಸಿದ ಹೊಸದಾಗೇ ಬರ್ದಿದ್ರ ಬರೀ ಹೊಗಳಿ ಬರೀತಿದ್ದೆ, ಈಗ ಬೈಯೋದೂ ಸ್ವಲ್ಪ ಅದ.

ಮನಿ ಒಂದೇ ಅಂತಸ್ತು, ಮ್ಯಾಲ 5 ಇಂಚಿನ ಆರ್‌ಸಿಸಿ ಸ್ಲ್ಯಾಬು, ನೆಲಕ್ಕ ಶಹಾಬಾದ್ ಪರ್ಸಿ. ಏಪ್ರಿಲ್ ಮೇದಾಗ ಇಲ್ಲಿ 42 ದಾಟೋದು ಹೊಸದೇನಲ್ಲ. ಆದ್ರ ಮಧ್ಯಾಹ್ನಕ್ಕಿಂತ ರಾತ್ರಿನೇ ನಮಗ ತ್ರಾಸು ಕೊಡ್ತಿತ್ತು, ಯಾಕಂದ್ರ ದಿನಾ ಪೂರ್ತಿ ಕುಡದ ಬಿಸಿಲು ಸ್ಲ್ಯಾಬು ಸಂಜಿ ಆದಮ್ಯಾಲ ಒಳಗ ಬಿಡಾಕ ಶುರು ಮಾಡ್ತದ, ರಾತ್ರಿ ಹತ್ತಕ್ಕ ಮಂಚದ ಮ್ಯಾಲ ನಿಂತು ಛತ್ತಿಗೆ ಕೈ ಹಚ್ಚಿದ್ರ ಈಗರೆ ರೊಟ್ಟಿ ತಗದ ಹಂಚಿನಗತೆ ಇರ್ತಿತ್ತು, ಫ್ಯಾನ್ ಹಾಕಿದ್ರ ಆ ಕಾವನ್ನೇ ತಂದು ಮೈಮ್ಯಾಲ ಸುರೀತಿತ್ತು. ಅಜ್ಜನ ಊರಾಗ ಮಣ್ಣಿನ ಮಾಳಗಿ, ಮೊಳ ದಪ್ಪ ಕಲ್ಲಿನ ಗ್ವಾಡಿ, ಅಲ್ಲಿ ಕರೆಂಟು ಇಲ್ದನ ನಿದ್ದಿ ಬರ್ತಿತ್ತು. ನಾವು ಶ್ಯಾಣ್ಯಾರಾಗಿ ಸಿಮೆಂಟಿನ ಮನಿ ಕಟ್ಟೀವಿ.

ಮೊದಲ 2019ರಾಗ ಬಿಳಿ ಕೂಲ್ ರೂಫ್ ಪೇಂಟು ಬಡ್ಸಿದ್ದೆ. ಸುಳ್ಳು ಹೇಳಬಾರ್ದು, ಮೊದಲನೇ ವರ್ಷ ಚೊಲೋ ಕೆಲಸ ಮಾಡ್ತು, ರೊಕ್ಕನೂ ಕಮ್ಮಿ. ಆದ್ರ ನಮ್ಮ ಕಡೆ ಧೂಳು ಗೊತ್ತಲ್ರಿ, ಎರಡನೇ ವರ್ಷಕ್ಕ ಬಿಳಿದು ಹೋಗಿ ಚಹಾದ ಬಣ್ಣ ಆತು. ಬಿಸಿಲು ವಾಪಸ್ ಕಳಸೋದೇ ಅದರ ಕೆಲಸ, ಹೊಲಸಾದ್ರ ಆ ಕೆಲಸ ಮಾಡಂಗಿಲ್ಲ. ವರ್ಷಕ್ಕೊಮ್ಮೆ ತಿಕ್ಕಿ ತೊಳ್ಯೋ ತಾಕತ್ತು ಇದ್ದವ್ರಿಗೆ ಅದೇ ಸಾಕು. ಪಕ್ಕದ ತೆಲಂಗಾಣದಾಗ 2023ರಾಗ ಕೂಲ್ ರೂಫ್ ಪಾಲಿಸಿನೇ ತಂದಾರ, ಅಂದ್ರ ಐಡಿಯಾ ತಪ್ಪಲ್ಲ, ನಮ್ಮ ಆಲಸ್ಯ ಅಷ್ಟೇ.

ಆಮ್ಯಾಲ ಎಕ್ಸ್‌ಪಿಎಸ್ ಶೀಟು. ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್, ಅದರ ಮ್ಯಾಲ 50 ಎಂಎಂ ಶೀಟು, ಮ್ಯಾಲೊಂದು ಬಟ್ಟಿಯಂಥಾ ಪದರ, ಜಾಳಗಿ ಹಾಕಿ ಕಾಂಕ್ರೀಟು, ಕಡೀಕ ಬಿಳಿ ಟೈಲ್ಸು. 900 ಚದರಡಿಗೆ ಎಲ್ಲಾ ಸೇರಿ ಒಂದೂ ಮುಕ್ಕಾಲು ಲಕ್ಷದ ಹತ್ರ ಹೋತು. ಕಾಂಟ್ರಾಕ್ಟರ್ 25 ಎಂಎಂ ಸಾಕ್ರಿ ಅಂದ, ನಾ ಹಟ ಹಿಡದು 50 ಹಾಕ್ಸಿದೆ. ಆಮ್ಯಾಲ ನೋಡಿದ್ರ ಅಂವ ಹೇಳಿದ್ದೂ ಪೂರಾ ತಪ್ಪಿರಲಿಲ್ಲ. ಮನಿಗಳಾಗ ಕರೆಂಟು ಉಳಿಸಾಕ ಕೇಂದ್ರದ ಇಕೋ ನಿವಾಸ್ ಸಂಹಿತೆ ಅಂತ 2018ರಾಗ ಬಂದದ, ಅದರಾಗ ಮಾಳಗಿ ಯು-ವ್ಯಾಲ್ಯೂ, ಅಂದ್ರ ಕಾವು ಎಷ್ಟು ದಾಟ್ತದ ಅನ್ನೋ ಲೆಕ್ಕ, 1.2 ದಾಟಬಾರ್ದು ಅಂತದ. ಬರೀ ಸ್ಲ್ಯಾಬಿಂದು 3ರ ಮ್ಯಾಲ ಬರ್ತದ, 25 ಹಾಕಿದ್ರ 1ರ ಒಳಗ, 50 ಹಾಕಿದ್ರ ಸುಮಾರು 0.5. ಈ ನಂಬರ್ ಕಮ್ಮಿ ಇದ್ದಷ್ಟು ಕಾವು ಕಮ್ಮಿ ಇಳೀತದ.

ಆದ್ರ ಶೀಟು ಬಂದ ದಿನ ಅಂವ ಆಟ ಆಡಿದ. ಮ್ಯಾಲಿನ ಹತ್ತು ಶೀಟು ಬರೋಬ್ಬರಿ ನೀಲಿ ಎಕ್ಸ್‌ಪಿಎಸ್, ಕೆಳಗಿಂದೆಲ್ಲಾ ಬಿಳಿ ಥರ್ಮಾಕೋಲು! ಗುರ್ತು ಹಿಡ್ಯೋದು ಸಸಾರ. ಮೂಲಿ ಮುರದು ನೋಡ್ರಿ, ಥರ್ಮಾಕೋಲ್ ಆದ್ರ ಸಾಬುದಾಣಿಗತೆ ಕಾಳು ಕಾಳು ಉದುರ್ತದ, ಎಕ್ಸ್‌ಪಿಎಸ್ ಆದ್ರ ಬರ್ಫಿ ಕೊಯ್ದಂಗ ಒಂದೇ ಸಮ ಮುರೀತದ. ಥರ್ಮಾಕೋಲೂ ಕಾವು ತಡೀತದ, ಆದ್ರ ಕಾಳಿನ ಸಂದ್ಯಾಗ ನೀರು ಹೊಕ್ಕಿತಂದ್ರ ಕಥಿ ಮುಗೀತು, ಮಾಳಗಿ ಮ್ಯಾಲ ಅದು ನಡ್ಯಂಗಿಲ್ಲ. ಗಾಡಿ ವಾಪಸ್ ಕಳಿಸ್ದೆ, ನಾಲ್ಕು ದಿನ ಜಗಳ, ಆಮ್ಯಾಲ ಸರಿ ಮಾಲು ಬಂತು.

ಈಗ ಫಲ ಏನಂದ್ರ. ಕರೋನಾ ಟೈಮಿನ ಹಣಿಗೆ ಹಿಡ್ಯೋ ಗನ್ ಮನ್ಯಾಗಿತ್ತು, 2020ರ ಬ್ಯಾಸಗ್ಯಾಗ ಅದನ್ನ ಛತ್ತಿಗೆ ಹಿಡದ್ರ ಬರೀ ಎರರ್ (ನಮ್ಮ ಛತ್ತಿಗೆ ಜ್ವರ ಅಂತ ನಕ್ಕಿದ್ವಿ), ಅದಕ್ಕ ಮಶೀನಿಗೆ ಹಿಡ್ಯೋ ಗನ್ನೇ ತರಿಸ್ದೆ. ಹಾಕಿಸೋಕ್ಕಿಂತ ಮೊದಲ ಮೇ ತಿಂಗಳ ರಾತ್ರಿ ಒಂಬತ್ತಕ್ಕ ಛತ್ತು 41-42 ತೋರಸ್ತಿತ್ತು, ಈಗ 34-35. ಖೋಲಿ ಗಾಳಿ ಮಾತ್ರ ಅಷ್ಟು ಇಳ್ದಿಲ್ಲ, ಮೂರು ಡಿಗ್ರಿ, ಭಾಳಂದ್ರ ನಾಲ್ಕು. ಹತ್ತು ಡಿಗ್ರಿ ಕಮ್ಮಿ ಆಗ್ತದ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ಆದ್ರ ತಲಿ ಮ್ಯಾಲಿನ ಆ ಹಂಚು ಇಲ್ಲದ್ದಕ್ಕ ಮೈಗೆ ಅನಸೋ ಫರಕು ಗನ್ನಿನ ಲೆಕ್ಕಕ್ಕಿಂತ ದೊಡ್ಡದು. ಏಸಿ ಮೊದಲ ರಾತ್ರಿ ಪೂರ್ತಿ ಒದರ್ತಿತ್ತು, ಈಗ ಎರಡು ತಾಸು ಹಾಕಿ ಬಂದ್ ಮಾಡಿದ್ರ ಮುಂಜಾನಿ ತನಕ ಫ್ಯಾನಿನ ಮ್ಯಾಲ ನಡೀತದ.

ಕರೆಂಟು ಬಿಲ್ಲು: ಏಪ್ರಿಲ್-ಮೇದಾಗ 270-290 ಯುನಿಟ್ ಆಗ್ತಿತ್ತು, ಈಗ 190ರ ಸುತ್ತಮುತ್ತ. ಇಷ್ಟೇ ಉಳಿತಾಯದಾಗ ಒಂದೂ ಮುಕ್ಕಾಲು ಲಕ್ಷ ವಾಪಸ್ ಬರ್ಬೇಕಂದ್ರ ನನ್ನ ಮಗಳ ಮದುವಿ ಆಗಿರ್ತದ, ಅಕಿ ಈಗ ಮೂರನೇತ್ತಾ. ಆದ್ರ ಗೃಹಜ್ಯೋತಿ ಬಂದಮ್ಯಾಲ ಲೆಕ್ಕ ಬದಲಾತು, 200 ದಾಟಿದ್ರ ಪೂರಾ ಬಿಲ್ ಕಟ್ಬೇಕು, ಒಳಗಿದ್ರ ನಮ್ಮ ಪಾಲಿನ ಫ್ರೀ ಯುನಿಟ್ಟಿನ ಮ್ಯಾಲಿನದಕ್ಕಷ್ಟೇ, ಹಿಂಗಾಗಿ ಆ ಎರಡು ತಿಂಗಳು 200ರ ಈ ಕಡೆ ಉಳ್ಯೋದೇ ದೊಡ್ಡ ಲಾಭ. ಇದರಾಗೂ ಒಂದು ತಮಾಷಿ. ಆ ಪಾಲು ಲೆಕ್ಕ ಹಾಕಿದ್ದು 2022-23ರ ಸರಾಸರಿ ಮ್ಯಾಲ, 10 ಪರ್ಸೆಂಟ್ ಸೇರ್ಸಿ. ಆ ವರ್ಷ ನಾವು ಶೀಟು ಹಾಕ್ಸಿ ಉಳಿಸ್ತಾ ಕುಂತಿದ್ವಿ, ನಮ್ಮ ಸರಾಸರಿ 128, ಪಾಲು 140. ಹಗಲೂ ರಾತ್ರಿ ಏಸಿ ಹಚ್ಚಿದ ಎದುರ ಮನಿಯವ್ರಿಗೆ ನಮಗಿಂತ ಜಾಸ್ತಿ ಫ್ರೀ. ಉಳಿಸಿದ್ದಕ್ಕ ಬಹುಮಾನ ನೋಡ್ರಿ.

ತೊಂದ್ರಿಗಳು. ಮೊದಲನೇ ಮಳಿಗೇ ಪ್ಯಾರಾಪೆಟ್ ಮೂಲ್ಯಾಗ ಸೋರ್ತು. ಶೀಟಿನ ಕೆಳಗ ನೀರು ಹೋದ್ರ ಎಲ್ಲಿಂದ ಹೊಂಟದ ಅಂತ ಹುಡುಕೋದು ದೇವರಿಗೇ ಪ್ರೀತಿ, ಎಂಟು ಟೈಲ್ಸು ಒಡದು ನೋಡಿದಮ್ಯಾಲ ಗೊತ್ತಾತು, ವಾಟರ್‌ಪ್ರೂಫಿಂಗನ್ನ ಗ್ವಾಡಿ ಮ್ಯಾಲ ಒಂದು ಗೇಣು ಏರ್ಸೋದನ್ನೇ ಬಿಟ್ಟಿದ್ದ ಪುಣ್ಯಾತ್ಮ. ಶೀಟು ಹಾಸೋಕ್ಕಿಂತ ಮೊದಲ ಎರಡು ದಿನ ನೀರು ನಿಲ್ಲಿಸಿ ಕೆಳಗ ಹಸಿ ಬರ್ತದೇನು ನೋಡ್ರಿ, ನಾ ನೋಡ್ಲಿಲ್ಲ. 2023ರಾಗ ಡಿಶ್ ಹಚ್ಚೋ ಹುಡುಗ ಕೇಳ್ದನ ಟೈಲ್ಸಿಗೆ ಡ್ರಿಲ್ ಹೊಡ್ದ, ನಾಲ್ಕು ತೂತು, ಮತ್ತ ರಿಪೇರಿ. ಈಗ ಮಾಳಗಿ ಬಾಗಿಲಿಗೆ ಕೀಲಿ. ಟಾಕಿ ನೀರಿಗೂ ಇದಕ್ಕೂ ಸಂಬಂಧಿಲ್ಲ, ಮಧ್ಯಾಹ್ನ ನಳ ಬಿಟ್ರ ಮೊದಲಿನಂಗ ಚಹಾಪುಡಿ ಹಾಕೋದೊಂದೇ ಬಾಕಿ. ಟೈಲ್ಸಿಗೆ ಕೆಳಗ ಕಾವು ಬಿಡಾಕ ದಾರಿ ಇಲ್ಲದ್ದಕ್ಕ ಮಧ್ಯಾಹ್ನ ಬರಿಗಾಲ್ಲೆ ಕಾಲಿಡಾಕ ಆಗಂಗಿಲ್ಲ, ಸಂಜಿ ಆದ್ರ ಲಗೂ ಆರ್ತದ. ಇದರಿಂದ ಅವ್ವಗ ಒಂದೇ ಖುಷಿ, ಶಂಡಗಿ ಒಂದೂವರಿ ದಿನಕ್ಕ ಒಣಗ್ತಾವ.

ಅವ್ವನ ಜೊತಿ ಜಗಳ ಕಿಟಕಿದು. ಇನ್ಸುಲೇಶನ್ ಇದ್ದ ಮನ್ಯಾಗ ಮುಂಜಾನಿ ಒಂಬತ್ತಕ್ಕ ಕಿಟಕಿ ಹಾಕಿ ಪಡದೆ ಎಳದು, ರಾತ್ರಿ ಹೊರಗ ತಂಪಾದಮ್ಯಾಲ ತೆಗೀಬೇಕು, ಇಲ್ಲಾಂದ್ರ ಬಿಸಿ ಗಾಳಿ ಒಳಗ ಬಂದು ಕುಂದರ್ತದ. ಅಕಿ ಕೇಳಂಗಿಲ್ಲ, "ಗಾಳಿ ಇಲ್ದ ಮನಿ ಏನ್ ಹಗೇವೇನೋ?" ಅಂತಾಳ. ನಾ ಆಫೀಸಿಗೆ ಹೋದಕೂಡ್ಲೇ ಎಲ್ಲಾ ತಗದು ಕುಂದರ್ತಾಳ, ಸಂಜಿ ಬಂದು ಗನ್ ಹಿಡದ್ರ ಗೊತ್ತಾಗ್ತದ.

ಪಡುವಣ ಗ್ವಾಡಿ ಇನ್ನೂ ಹಂಗೇ ಅದ, ಸಂಜಿ ಐದಕ್ಕ ಒಳಗಿಂದ ಮುಟ್ಟಿದ್ರ ಕೈ ಹಿಂದ ತಗೀಬೇಕು. ಅದಕ್ಕೂ ಶೀಟು ಬಡಿಸೋಕ ರೊಕ್ಕಿಲ್ಲ. ಹ್ವಾದ ತಿಂಗಳು ಎರಡು ಬೇವಿನ ಸಸಿ ಹಚ್ಚೀನಿ, ಒಂದನ್ನ ಆಗ್ಲೇ ಆಡು ತಿಂದದ.