ಎಲ್‌ಸ್ಯಾಟ್ ಸೀಕ್ವೆನ್ಸಿಂಗ್ ಪುಸ್ತಕ: ಪಾಠ ಚೆನ್ನಾಗಿದೆ, ಆದರೆ ಎಲ್‌ಸ್ಯಾಟ್‌ಗೆ ಅಂತ ಕೊಳ್ಳಬೇಡಿ

ಅಮೆರಿಕದ ಲಾ ಸ್ಕೂಲ್ ಪ್ರವೇಶಕ್ಕೆ 2023ರಲ್ಲಿ ಎಲ್‌ಸ್ಯಾಟ್ ಬರೆಯುವಾಗ ಲಾಜಿಕ್ ಗೇಮ್ಸ್, ಅಂದರೆ ಕೊಟ್ಟ ನಿಯಮಗಳಿಂದ ಬಿಡಿಸುವ ತರ್ಕದ ಒಗಟುಗಳ ಅಭ್ಯಾಸಕ್ಕೆ ಒಂದು ಹಳೆಯ ಪುಸ್ತಕ ಕೊಂಡಿದ್ದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆಗ ಆ ವಿಭಾಗದಲ್ಲಿ 35 ನಿಮಿಷಕ್ಕೆ ನಾಲ್ಕು ಆಟಗಳು, ಅಂದರೆ ಒಂದೊಂದಕ್ಕೆ ಒಂಬತ್ತು ನಿಮಿಷವೂ ಸಿಗುತ್ತಿರಲಿಲ್ಲ. ಈ ಪುಸ್ತಕ ಅಂಥ ಆಟಗಳಲ್ಲಿ ಸೀಕ್ವೆನ್ಸಿಂಗ್ ಬಗ್ಗೆ. ಸೀಕ್ವೆನ್ಸಿಂಗ್ ಅಂದರೆ ಯಾರು ಮೊದಲು, ಯಾರು ಆಮೇಲೆ ಅನ್ನೋ ಸಾಲು ಹೊಂದಿಸುವುದು.

ಈ ಪುಸ್ತಕ ಕಲಿಸಿದ ದೊಡ್ಡ ವಿಷಯ ಒಂದೇ: ಪ್ರಶ್ನೆಗೆ ಕೈ ಹಾಕುವ ಮೊದಲು ಎಲ್ಲ ನಿಯಮಗಳನ್ನೂ ಒಂದೇ ಚಿತ್ರದಲ್ಲಿ ಕಟ್ಟಬೇಕು. ನಮ್ಮ ಎಲೆ ಊಟವನ್ನೇ ತೆಗೆದುಕೊಳ್ಳಿ. ಕೋಸಂಬರಿ, ಪಲ್ಯ, ಅನ್ನ, ಸಾರು, ಪಾಯಸ, ಮಜ್ಜಿಗೆ, ಒಟ್ಟು ಆರು. ಪಲ್ಯಕ್ಕಿಂತ ಮೊದಲು ಕೋಸಂಬರಿ. ಅನ್ನ, ಪಾಯಸ ಎರಡೂ ಪಲ್ಯ ಆದ ಮೇಲೆ. ಅನ್ನದ ನಂತರ ಸಾರು, ಸಾರಿನ ನಂತರ ಮಜ್ಜಿಗೆ. ಬಿಡಿಬಿಡಿಯಾಗಿ ಓದಿದರೆ ತಲೆ ತಿರುಗುತ್ತದೆ, ಅದೇ ಗೀಟು ಎಳೆದು ಜೋಡಿಸಿದರೆ ಐದು ಪದಾರ್ಥ ಒಂದೇ ಸರಪಳಿಯಲ್ಲಿ ಕೂತುಬಿಡುತ್ತವೆ, ಓಡಾಡುವುದು ಪಾಯಸ ಮಾತ್ರ. ಅದು ಮೂರರಿಂದ ಆರರವರೆಗೆ ಎಲ್ಲಿ ಬೇಕಾದರೂ ಬರಬಹುದು. ಒಟ್ಟು ನಾಲ್ಕೇ ಸಾಲು! ಇಷ್ಟು ಕಂಡುಕೊಂಡ ಮೇಲೆ ಯಾವ ಪ್ರಶ್ನೆ ಬಂದರೂ ಅರ್ಧ ನಿಮಿಷ ಸಾಕು.

ಜಾಸ್ತಿ ಜನ ಎಡವುವುದು ಪಾಯಸದಲ್ಲೇ. ನಮ್ಮ ಮನೆಯಲ್ಲಿ ಪಾಯಸ ಅನ್ನಕ್ಕಿಂತ ಮೊದಲು ಬಡಿಸುತ್ತಾರೆ ಅಲ್ವಾ, ಅಂತ ಮನಸ್ಸು ಇಲ್ಲದ ನಿಯಮವನ್ನು ಸೇರಿಸಿಬಿಡುತ್ತದೆ. ಕೊಟ್ಟಿದ್ದಷ್ಟೇ ನಂಬು, ಕೊಡದಿದ್ದನ್ನು ಊಹಿಸಬೇಡ ಅನ್ನುವುದನ್ನು ಈ ಪುಸ್ತಕ ಪುಟ ಪುಟದಲ್ಲೂ ತಿದ್ದುತ್ತದೆ. ಅದು ನನಗೆ ತುಂಬಾ ಇಷ್ಟವಾಯಿತು. ‘ಯಾವ ಸಾಲು ಸರಿ’ ಅನ್ನೋ ಮೊದಲ ಪ್ರಶ್ನೆಗೂ ಅದರ ದಾರಿ ಸುಲಭ: ಒಂದು ನಿಯಮ ಹಿಡಿ, ಅದನ್ನು ಮುರಿಯುವ ಆಯ್ಕೆ ಹೊಡೆದುಹಾಕು, ಮುಂದಿನ ನಿಯಮಕ್ಕೆ ಹೋಗು. ‘ಇದಾದರೆ ಅದು’ ಎನ್ನುವ ಷರತ್ತಿನ ನಿಯಮಗಳನ್ನು ಮಾತ್ರ ಎರಡೇ ಪುಟದಲ್ಲಿ ಮುಗಿಸಿದ್ದಾರೆ. ಅಲ್ಲಿ ನಾನು ಬೇರೆ ಕಡೆ ಹುಡುಕಬೇಕಾಯಿತು.

ಈಗ ಮುಖ್ಯವಾದ ಮಾತು. 2024ರ ಆಗಸ್ಟ್‌ನಿಂದ ಎಲ್‌ಸ್ಯಾಟ್‌ನಲ್ಲಿ ಈ ಆಟಗಳೇ ಇಲ್ಲ. ಚಿತ್ರ ಬರೆದು ಬಿಡಿಸುವ ವಿಭಾಗ ದೃಷ್ಟಿ ಇಲ್ಲದವರಿಗೆ ಅನ್ಯಾಯ ಎಂದು ಹೂಡಿದ್ದ ದಾವೆ 2019ರಲ್ಲಿ ರಾಜಿಯಾಯಿತು, ಕೊನೆಗೆ ಆ ವಿಭಾಗ ಹೋಗಿ ಅದರ ಜಾಗಕ್ಕೆ ಇನ್ನೊಂದು ಲಾಜಿಕಲ್ ರೀಸನಿಂಗ್ (ಚಿಕ್ಕ ವಾದ ಓದಿ ತರ್ಕಿಸುವ) ವಿಭಾಗ ಬಂತು. ನನಗೆ ಇಷ್ಟದ ವಿಭಾಗವಾದರೂ ತೆಗೆದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಹಳೆ ಪುಸ್ತಕ ಮಾರುವವರೊಬ್ಬರು ಇದನ್ನು ಹೇಳದೆಯೇ ನನ್ನ ಗೆಳತಿಯ ಮಗಳಿಗೆ ಇದೇ ಪುಸ್ತಕ ಮಾರಿದ್ದಾರೆ. ಪಾಪ, ಆ ಹುಡುಗಿ ಮೂರು ವಾರ ಸುಮ್ನೆ ಇದರಲ್ಲೇ ಕೂತಿದ್ದಳು. ವಾಪಸ್ ಕೇಳಿದರೆ ಆಗಲ್ಲ ಅಂದರಂತೆ. ಕೊಳ್ಳುವ ಮೊದಲು ಪುಸ್ತಕ ಅಚ್ಚಾದ ವರ್ಷ ನೋಡಿ.

ಊರಲ್ಲಿ ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ, ಇಂಗ್ಲಿಷ್‌ನಲ್ಲಿ ಓದೋದು ಕಷ್ಟವಾಗದಿದ್ದರೆ, ಇದು ಈಗಲೂ ಕೆಲಸಕ್ಕೆ ಬರುತ್ತದೆ. ಅಲ್ಲಿ ಪಜಲ್, ಸೀಟಿಂಗ್ ಅರೇಂಜ್‌ಮೆಂಟ್ ಇನ್ನೂ ಇವೆ. ನನ್ನ ಪ್ರತಿಯನ್ನು ಹುಬ್ಬಳ್ಳಿಯಲ್ಲಿರುವ ತಮ್ಮನಿಗೆ ಕೊಟ್ಟಿದ್ದೇನೆ, ಮೊದಲ ಮೂರು ಅಧ್ಯಾಯ ಬಿಡದೆ ಮಾಡು ಅಂತ ಹೇಳಿ.